ನೆನೆದ ತೊಲೆ ಮತ್ತು ಸಹಿಯ ಸತ್ಯ

ಕಟ್ಟಡದಲ್ಲಿ ಮನುಷ್ಯನು ಯಾವ ಭಾಗವನ್ನು ಅತ್ಯಧಿಕವಾಗಿ ನಂಬಿ ಬದುಕುವನೋ ಆ ಭಾಗವೇ ಅವನ ಕಣ್ಣಿಗೆ ಬೀಳದೆ ಉಳಿಯುವುದು ಸರ್ವವಿದಿತವಾದ ಸಂಗತಿ. ತಳಪಾಯವು ಮಣ್ಣಿನಲ್ಲಿ ಹುದುಗಿರುತ್ತದೆ. ತೊಲೆಯು ಗಾರೆಯ ಅಥವಾ ಹಲಗೆಯ ಹಿಂದೆ ಮರೆಯಾಗಿರುತ್ತದೆ. ಬಣ್ಣ ಮಾಸಿದರೆ ಮನೆಯೊಡೆಯನು ದೂರುತ್ತಾನೆ, ಬಾಗಿಲು ಕಿರುಗುಟ್ಟಿದರೆ ಬಡಗಿಯನ್ನು ಕರೆಸುತ್ತಾನೆ. ಆದರೆ ತಲೆಯ ಮೇಲಿರುವ ತೊಲೆಯು ಕಟ್ಟುವ ಕಾಲದಲ್ಲಿ ಎಷ್ಟು ದಿನ ಮಳೆಯಲ್ಲಿ ನೆನೆಯಿತು, ಒಣಗಿದ ಮೇಲೆ ಮುಚ್ಚಲ್ಪಟ್ಟಿತೋ ಒದ್ದೆಯಾಗಿಯೇ ಮುಚ್ಚಲ್ಪಟ್ಟಿತೋ ಎಂದು ಕೇಳುವವರು ವಿರಳ. ಕೇಳಿದರೂ ಉತ್ತರಿಸಬಲ್ಲವನು ಆಗ ಬೇರೊಂದು ಊರಿನಲ್ಲಿ ಬೇರೊಂದು ಮನೆಯನ್ನು ಕಟ್ಟುತ್ತಿರುತ್ತಾನೆ.

ನಮ್ಮ ಹಿರಿಯರ ಮನೆಗಳಲ್ಲಿ ಈ ಕಷ್ಟ ಇಷ್ಟಿರಲಿಲ್ಲ. ತೇಗ, ಹಲಸು, ಹೊನ್ನೆ, ಮತ್ತಿ ಮೊದಲಾದ ಮರಗಳ ಒಂದೇ ದಿಮ್ಮಿಯಿಂದ ಒಂದು ತೊಲೆಯನ್ನು ಕಡೆಯುತ್ತಿದ್ದರು. ಕಡಿದ ಮರವನ್ನು ಬಹುಕಾಲ ನೆರಳಿನಲ್ಲಿ ಒಣಗಲು ಬಿಟ್ಟ ಮೇಲೆಯೇ ಬಡಗಿಯು ಅದಕ್ಕೆ ಉಳಿ ಹಚ್ಚುತ್ತಿದ್ದನು. ತೊಲೆಯು ಅಟ್ಟದ ಕೆಳಗೆ ಬಯಲಾಗಿಯೇ ಇರುತ್ತಿತ್ತು. ಗೆದ್ದಲು ಹತ್ತಿದರೆ ಮಣ್ಣಿನ ಗೆರೆ ಕಾಣುತ್ತಿತ್ತು. ಲಡ್ಡು ಹಿಡಿದರೆ ಬೆರಳಿನಿಂದ ತಟ್ಟಿ ಸದ್ದಿನಿಂದಲೇ ತಿಳಿಯುತ್ತಿದ್ದರು.

ಪಾಶ್ಚಾತ್ಯ ದೇಶಗಳಲ್ಲಿ, ವಿಶೇಷವಾಗಿ ಅಮೆರಿಕ, ಕೆನಡಾ ಮತ್ತು ಉತ್ತರ ಯೂರೋಪಿನಲ್ಲಿ, ಮನೆಗಳನ್ನು ಇಂದಿಗೂ ಬಹುಮಟ್ಟಿಗೆ ಮರದಿಂದಲೇ ಕಟ್ಟುತ್ತಾರೆ. ಆದರೆ ಅಂಥ ಮಹಾವೃಕ್ಷಗಳು ಈಗ ಸುಲಭವಾಗಿ ದೊರೆಯವು. ಆದುದರಿಂದ ಚಿಕ್ಕ ಮರಗಳ ಹಲಗೆ, ಹಾಳೆ, ಚಕ್ಕೆಗಳನ್ನು ಅಂಟಿನಿಂದ ಬೆಸೆದು ದೊಡ್ಡ ತೊಲೆಗಳನ್ನು ಕಾರ್ಖಾನೆಯಲ್ಲಿ ತಯಾರಿಸುವ ವಿದ್ಯೆ ಬೆಳೆಯಿತು. ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿದ್ದು ಗ್ಲೂಲ್ಯಾಮ್. ಮರವನ್ನು ತೆಳುಹಾಳೆಗಳಾಗಿ ಸುಲಿದು, ಎಳೆಗಳೆಲ್ಲ ಒಂದೇ ದಿಕ್ಕಿಗೆ ಇರುವಂತೆ ಒತ್ತಿ ಬೆಸೆದದ್ದು ಎಲ್.ವಿ.ಎಲ್. ಮರದ ಚಕ್ಕೆಗಳನ್ನು ಅಂಟಿನೊಡನೆ ಒತ್ತಿದ ಹಲಗೆ ಓ.ಎಸ್.ಬಿ. ಮೇಲೆ ಕೆಳಗೆ ಮರದ ಪಟ್ಟಿ, ನಡುವೆ ಓ.ಎಸ್.ಬಿ. ಹಲಗೆ ಇಟ್ಟು ಇಂಗ್ಲಿಷಿನ 'ಐ' ಅಕ್ಷರದ ಆಕಾರದಲ್ಲಿ ಮಾಡಿದ ಹಗುರವಾದ ಜಂತೆಗಳೂ ಇವೆ. ಒಂದು ಮರದಲ್ಲಿ ಗಂಟು ಇದ್ದರೆ ಅದು ಒಂದು ಪದರದ ದೋಷವಾಗುವುದೇ ಹೊರತು ಇಡೀ ತೊಲೆಯ ದೋಷವಾಗುವುದಿಲ್ಲ ಎಂಬುದು ಈ ವಿಧಾನದ ಗುಣ.

ಈ ವಿದ್ಯೆ ಹೊಸದಲ್ಲ. ಜರ್ಮನಿಯ ವೈಮಾರ್ ನಗರದ ಆಟೋ ಹೆಟ್ಜರ್ ಎಂಬ ಬಡಗಿಯು ಬಾಗಿದ ಅಂಟುತೊಲೆಗೆ 1906ರಲ್ಲಿ ಹಕ್ಕುಪತ್ರ ಪಡೆದನು. ಅಮೆರಿಕದಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ಪೆಶ್ಟಿಗೋ ಎಂಬ ಊರಿನ ಶಾಲಾ ವ್ಯಾಯಾಮಶಾಲೆಯನ್ನು 1934ರಲ್ಲಿ ಇಂಥ ಕಮಾನುಗಳಿಂದ ಕಟ್ಟಿದರು. ಆ ಕಾಲದ ಅಂಟು ಹಾಲಿನಿಂದ ತೆಗೆದ ಕೇಸೀನ್. ಅದು ಒಣ ಸ್ಥಳದಲ್ಲಿ ಗಟ್ಟಿಯಾಗಿರುತ್ತಿತ್ತು, ನೀರು ತಾಗಿದರೆ ಸೋಲುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲಕ್ಕೆ ನೀರನ್ನು ತಡೆಯುವ ರಿಸಾರ್ಸಿನಾಲ್ ಮತ್ತು ಫಿನಾಲ್ ಜಾತಿಯ ಅಂಟುಗಳು ಬಳಕೆಗೆ ಬಂದವು. ಅಂಟು ನೀರನ್ನು ತಡೆಯಬಲ್ಲದಾಯಿತು. ಆದರೆ ಅಂಟಿನ ನಡುವೆ ಇರುವುದು ಮರವೇ, ಮತ್ತು ಮರಕ್ಕೆ ನೀರನ್ನು ಕುಡಿಯುವ ಸ್ವಭಾವ ಹೋಗಲಿಲ್ಲ.

ಇಲ್ಲಿ ಕೆಲವು ಅಂಕಿಗಳನ್ನು ವಾಚಕರು ಗಮನಿಸುವುದು ಅಗತ್ಯ. ಮರದ ಒಣತೂಕದ ಶೇಕಡಾ ಎಷ್ಟು ನೀರು ಅದರಲ್ಲಿದೆ ಎಂಬುದೇ ತೇವಾಂಶದ ಲೆಕ್ಕ. ಗ್ಲೂಲ್ಯಾಮ್ ತೊಲೆಯ ಹಲಗೆಗಳನ್ನು ಶೇಕಡಾ 12ರ ಆಸುಪಾಸಿಗೆ ಒಣಗಿಸಿ ಅಂಟಿಸುತ್ತಾರೆ, ಎಲ್.ವಿ.ಎಲ್. ಕಾರ್ಖಾನೆಯಿಂದ ಹೊರಡುವಾಗ ಅದಕ್ಕಿಂತಲೂ ಒಣಗಿರುತ್ತದೆ. ತೇವಾಂಶವು ಶೇಕಡಾ 28 ಅಥವಾ 30ರ ಸುಮಾರಿಗೆ ಏರಿದಾಗ ಮರದ ಎಳೆಗಳ ಗೋಡೆಗಳು ಪೂರ್ತಿ ನೆನೆದಿರುತ್ತವೆ; ಅಲ್ಲಿಂದ ಮುಂದೆ ಎಳೆಗಳ ಪೊಳ್ಳಿನಲ್ಲಿ ನೀರು ನಿಲ್ಲತೊಡಗುತ್ತದೆ. ಮರವನ್ನು ಕೊಳೆಯಿಸುವ ಶಿಲೀಂಧ್ರಗಳು ಬೇರೂರುವುದು ಇಂಥ ಸ್ಥಿತಿಯಲ್ಲಿ. ಶೇಕಡಾ 20ರ ಕೆಳಗೆ ಉಳಿದ ಮರವನ್ನು ಅವು ಕೊಳೆಯಿಸಲಾರವು. ಆದುದರಿಂದಲೇ ಅಮೆರಿಕದ ಮರದ ವ್ಯಾಪಾರದಲ್ಲಿ ಶೇಕಡಾ 19 ಎಂಬುದು ಒಣಮರಕ್ಕೂ ಹಸಿಮರಕ್ಕೂ ನಡುವಣ ಗಡಿಯಾಗಿ ನಿಂತಿದೆ.

ಕಟ್ಟುವ ಕಾಲದಲ್ಲಿ ಸೂರು ಏರುವ ಮುನ್ನ ಮಳೆ ಬಂದರೆ ಒಂದೊಂದು ವಸ್ತು ಒಂದೊಂದು ರೀತಿಯಲ್ಲಿ ವರ್ತಿಸುತ್ತದೆ. ಗ್ಲೂಲ್ಯಾಮ್ ತೊಲೆಯು ಮೆಲ್ಲನೆ ನೆನೆಯುತ್ತದೆ. ಅವಸರದಿಂದ ಬಿಸಿಗಾಳಿ ಹಾಯಿಸಿ ಒಣಗಿಸಿದರೆ ಮೇಲ್ಮೈ ಮೊದಲು ಕುಗ್ಗಿ ಬಿರುಕು ಬಿಡುತ್ತದೆ. ಎಲ್.ವಿ.ಎಲ್. ಅಗಲದಲ್ಲಿ ದೊನ್ನೆಯಂತೆ ಬಾಗುತ್ತದೆ. ಒಣಗಿದಾಗ ಬಹುಪಾಲು ಮೊದಲಿನಂತಾಗುತ್ತದೆ. ಓ.ಎಸ್.ಬಿ. ಹಲಗೆಯ ಅಂಚುಗಳು ಉಬ್ಬುತ್ತವೆ. ಕಾರ್ಖಾನೆಯಲ್ಲಿ ಒತ್ತಲ್ಪಟ್ಟ ಚಕ್ಕೆಗಳು ಒಮ್ಮೆ ಸಡಿಲಗೊಂಡರೆ ಒಣಗಿದ ಮೇಲೂ ಮೊದಲಿನ ದಪ್ಪಕ್ಕೆ ಮರಳವು. ಹೊರೆ ಹೊತ್ತಿರುವ ತೊಲೆಯು ನೆನೆದು ಒಣಗಿದಾಗ, ಸದಾ ಒಣಗಿದ್ದ ತೊಲೆಗಿಂತ ಹೆಚ್ಚಾಗಿ ಜಗ್ಗುತ್ತದೆ. ಆ ಜಗ್ಗು ಹಾಗೆಯೇ ಉಳಿಯುತ್ತದೆ. ತೊಲೆಯನ್ನು ರಕ್ಷಿಸಲೆಂದು ಸುತ್ತಿದ ಪ್ಲಾಸ್ಟಿಕ್ ಹಾಳೆ ಎಲ್ಲಾದರೂ ಹರಿದರೆ ಒಳಹೊಕ್ಕ ನೀರನ್ನು ಅದೇ ಹಾಳೆ ಹೊರಹೋಗಗೊಡದು. ಅದಕ್ಕಾಗಿಯೇ ಸುತ್ತಿನ ಕೆಳಭಾಗವನ್ನು ಸೀಳಿ ನೀರು ಹರಿಯಲು ದಾರಿ ಮಾಡಬೇಕೆಂದು ಬಲ್ಲವರು ಹೇಳುತ್ತಾರೆ.

ಇಷ್ಟನ್ನು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಮಳೆಯಲ್ಲಿ ನೆನೆಯುವುದು ತೊಲೆಗೆ ಮರಣವಲ್ಲ. ನೆನೆದದ್ದನ್ನು ಒಣಗಲು ಬಿಟ್ಟರೆ ಬಹುಮಟ್ಟಿಗೆ ಅದು ಚೇತರಿಸಿಕೊಳ್ಳುತ್ತದೆ. ಹಾನಿಯು ಆರಂಭವಾಗುವುದು ಒದ್ದೆಯಾದುದನ್ನು ಒದ್ದೆಯಾಗಿಯೇ ಮುಚ್ಚಿದಾಗ. ಮಳೆಯನ್ನು ತಡೆಯುವುದು ಮನುಷ್ಯನ ಕೈಯಲ್ಲಿಲ್ಲ. ಮುಚ್ಚುವ ದಿನವನ್ನು ನಿಶ್ಚಯಿಸುವುದು ಮಾತ್ರ ಸಂಪೂರ್ಣವಾಗಿ ಅವನ ಕೈಯಲ್ಲಿದೆ. ನೀತಿಯ ಪ್ರಶ್ನೆ ಹುಟ್ಟುವುದು ಇಲ್ಲಿ.

ಈ ಪ್ರಶ್ನೆಯು ಪುಸ್ತಕದ ಪ್ರಶ್ನೆಯಲ್ಲವೆಂಬುದಕ್ಕೆ ಒಂದು ಸಂಸಾರದ ಅನುಭವವನ್ನು ಇಲ್ಲಿ ಹೇಳಬಹುದು. ಹುಬ್ಬಳ್ಳಿಯಲ್ಲಿ ನಲವತ್ತು ವರ್ಷ ದವಸದ ವ್ಯಾಪಾರ ಮಾಡಿದ ಹಿರಿಯರೊಬ್ಬರು ಅಮೆರಿಕದ ಆರೆಗಾನ್ ಸಂಸ್ಥಾನದಲ್ಲಿ ನೆಲೆಸಿರುವ ಮಗನ ಮನೆಗೆ ಹೋಗಿದ್ದರು. ಪೋರ್ಟ್‌ಲ್ಯಾಂಡ್ ನಗರದ ಪಶ್ಚಿಮಕ್ಕೆ, ಗಣಕಯಂತ್ರದ ಕಾರ್ಖಾನೆಗಳಿರುವ ಆ ಪ್ರದೇಶದಲ್ಲಿ ಕನ್ನಡಿಗರ ಸಂಸಾರಗಳು ಅನೇಕ ಇವೆ. ಮಗನು ಹೊಸ ಮನೆಯನ್ನು ಕಟ್ಟಿಸುತ್ತಿದ್ದನು. ಆ ಊರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 90 ಸೆಂಟಿಮೀಟರ್. ಬೆಂಗಳೂರಿನ ಮಳೆಗಿಂತ ಹೆಚ್ಚೇನೂ ಅಲ್ಲ. ಆದರೆ ಅದು ಚಳಿಗಾಲದಲ್ಲಿ, ದಿನಗಟ್ಟಲೆ ಜಿನುಗುವ ಸೋನೆಮಳೆ. ನಮ್ಮಲ್ಲಿ ಒಂದು ಹೊತ್ತು ಸುರಿದು ಮರುದಿನ ಬಿಸಿಲು ಬಂದರೆ ಮರ ಆರುತ್ತದೆ. ಅಲ್ಲಿ ಮಳೆ ನಿಂತ ದಿನವೂ ಗಾಳಿ ತೇವದಿಂದ ತುಂಬಿರುತ್ತದೆ.

ಅಕ್ಟೋಬರ್ ಕೊನೆಯಲ್ಲಿ, ಸೂರು ಮುಚ್ಚುವ ಮುನ್ನ ಎಂಟು ದಿನ ಬಿಡದೆ ಮಳೆ ಹಿಡಿಯಿತು. ಕೆಳಗೆ ಮೋಟಾರು ವಾಹನ ನಿಲ್ಲಿಸುವ ಅಗಲವಾದ ಕೋಣೆ, ಅದರ ಮೇಲೆ ಮಲಗುವ ಕೋಣೆ. ಎರಡರ ನಡುವೆ ಮೂರು ಎಲ್.ವಿ.ಎಲ್. ಪಟ್ಟಿಗಳನ್ನು ಪಕ್ಕಪಕ್ಕದಲ್ಲಿ ಬೋಲ್ಟ್ ಹಾಕಿ ಬಿಗಿದ ಒಂದು ದೊಡ್ಡ ತೊಲೆ. ಮಳೆಯ ನೀರು ಆ ಮೂರು ಪಟ್ಟಿಗಳ ಸಂದಿನಲ್ಲಿ ಇಳಿಯಿತು. ಸೂರು ಮುಗಿದ ಮೇಲೆ ಗುತ್ತಿಗೆದಾರನು ಅನಿಲದ ಒಲೆಗಳನ್ನು ಹೊತ್ತಿಸಿ, ಕಿಟಕಿಗಳನ್ನು ಮುಚ್ಚಿ, ಎರಡು ವಾರ ಒಳಗೆ ಕಾವು ಕೊಟ್ಟನು. ಅನಿಲವು ಉರಿಯುವಾಗ ಅದರಿಂದಲೇ ನೀರಿನ ಆವಿ ಹೊರಡುತ್ತದೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಕಿಟಕಿಯ ಗಾಜಿನ ಮೇಲೆ ಹನಿಗಳು ಕಟ್ಟಿ ಇಳಿಯುತ್ತಿದ್ದವು.

ಆರೆಗಾನ್ ಸಂಸ್ಥಾನದ ಮನೆಕಟ್ಟುವ ನಿಯಮದಲ್ಲಿ ಒಂದು ವಿಶೇಷ ವಿಧಿಯಿದೆ. ಒಳಗೋಡೆಯ ಹಲಗೆಗಳನ್ನು ಹೊಡೆಯುವುದಕ್ಕೆ ಮುನ್ನ, ಚೌಕಟ್ಟಿನಲ್ಲಿ ತೇವದಿಂದ ಕೆಡಬಲ್ಲ ಮರದ ಭಾಗಗಳೆಲ್ಲವೂ ಶೇಕಡಾ 19ಕ್ಕಿಂತ ಹೆಚ್ಚು ತೇವಾಂಶ ಹೊಂದಿಲ್ಲವೆಂದು ಗುತ್ತಿಗೆದಾರನು ಅಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಗುತ್ತಿಗೆದಾರನ ಬಳಿ ಎರಡು ಮೊಳೆಗಳುಳ್ಳ ತೇವಮಾಪಕವಿತ್ತು. ಮೊಳೆಗಳನ್ನು ಮರಕ್ಕೆ ಚುಚ್ಚಿದರೆ ಅವುಗಳ ನಡುವೆ ವಿದ್ಯುತ್ತು ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದರಿಂದ ತೇವಾಂಶ ತಿಳಿಯುತ್ತದೆ. ಒದ್ದೆ ಮರದಲ್ಲಿ ಹೆಚ್ಚು, ಒಣ ಮರದಲ್ಲಿ ಕಡಿಮೆ. ಅವನು ಮೇಲಂತಸ್ತಿನ ಗೋಡೆಯ ಪಟ್ಟಿಗಳಲ್ಲಿ ಹತ್ತು ಕಡೆ ಅಳೆದಿದ್ದನು. 14, 15, 16 ಎಂದು ಬಂದಿತ್ತು. ಕಾಗದ ಸಿದ್ಧವಾಗಿತ್ತು, ಸಹಿಯೊಂದು ಬಾಕಿ.

ಹಿರಿಯರು ಆ ಹೊತ್ತಿಗೆ ಮನೆ ನೋಡಲು ಹೋಗಿದ್ದರು. ದೊಡ್ಡ ತೊಲೆಯ ಬೋಲ್ಟುಗಳ ಸುತ್ತ ಕಪ್ಪು ಕಲೆ ಇದ್ದುದನ್ನು ನೋಡಿ, ಅಂಗೈಯನ್ನು ಅದರ ಅಡಿಗೆ ಇಟ್ಟರು. ತಣ್ಣಗಿತ್ತು. ಈ ತೊಲೆಯನ್ನು ಅಳೆದಿದ್ದಾರೆಯೇ ಎಂದು ಮಗನ ಮೂಲಕ ಕೇಳಿಸಿದರು. ಗುತ್ತಿಗೆದಾರನು ಪ್ರಾಮಾಣಿಕನೇ, ಅಳೆದಿಲ್ಲವೆಂದು ಒಪ್ಪಿ, ಒಳಕ್ಕೆ ಇಳಿಯುವ ಉದ್ದನೆಯ ಮೊಳೆಗಳನ್ನು ತಂದು ಅವರೆದುರಿಗೇ ಚುಚ್ಚಿದನು. ಹೊರಮೈಯಲ್ಲಿ 19, ಒಳಗೆ 27 ತೋರಿತು. ಇಂಥ ಅಂಟುಮರದಲ್ಲಿ ಅಂಟಿನ ಪದರಗಳಿಂದ ಮಾಪಕವು ತುಸು ಹೆಚ್ಚುಕಡಿಮೆ ತೋರಿಸುವುದುಂಟೆಂದೂ, ಮನೆಯಲ್ಲಿ ವಾಸ ಆರಂಭವಾದರೆ ಬರುವ ಬೇಸಿಗೆಯ ಹೊತ್ತಿಗೆ ಗೋಡೆಯೊಳಗೇ ಅದು ಒಣಗುವುದೆಂದೂ, ಇತರರು ಹೀಗೆಯೇ ಮಾಡುತ್ತಾರೆಂದೂ ಹೇಳಿದನು. ಅವನ ಕೈಯಲ್ಲಿ ಇನ್ನೂ ನಾಲ್ಕು ಮನೆಗಳಿದ್ದವು. ಹಲಗೆ ಹೊಡೆಯುವ ಕೆಲಸಗಾರರು ಸೋಮವಾರಕ್ಕೆ ನಿಗದಿಯಾಗಿದ್ದರು.

ಮಗನ ಸಂಕಟವೂ ಸಣ್ಣದಲ್ಲ. ಬಾಡಿಗೆ ಮನೆಯ ಕರಾರು ಆ ತಿಂಗಳಿಗೆ ಮುಗಿಯುತ್ತಿತ್ತು. ಸಾಲದ ಬಡ್ಡಿಯ ದರವನ್ನು ಬ್ಯಾಂಕು ಒಂದು ದಿನಾಂಕದವರೆಗೆ ಮಾತ್ರ ಖಚಿತಪಡಿಸಿತ್ತು. ಅದು ದಾಟಿದರೆ ಹೆಚ್ಚುವರಿ ಹಣ ತೆರಬೇಕು. "ಅಪ್ಪಾಜಿ, ಇಡೀ ಮನೆಯ ಸರಾಸರಿ ಹದಿನಾರಕ್ಕಿಂತ ಹೆಚ್ಚಿಲ್ಲ. ನಿಯಮ ಹತ್ತೊಂಬತ್ತು ಅನ್ನುತ್ತದೆ. ಒಂದು ತೊಲೆಗಾಗಿ ಇಷ್ಟೆಲ್ಲ ನಿಲ್ಲಿಸಬೇಕೇ?" ಎಂದು ಕೇಳಿದನು.

ಹಿರಿಯರು ಕೂಡಲೇ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ತಮ್ಮಾ, ನೂರು ಚೀಲ ಜೋಳದಲ್ಲಿ ತೊಂಬತ್ತೊಂಬತ್ತು ಒಣಗಿದ್ದು ಒಂದು ಚೀಲ ಹಸಿಯಾಗಿದ್ದರೆ, ಸರಾಸರಿ ಒಣಗಿದೆ ಅಂತ ಬರೆಯಬಹುದು. ಆದರೆ ಹಸಿ ಚೀಲ ಒಣಗಿದ ಚೀಲದ ಲೆಕ್ಕ ಕೇಳುವುದಿಲ್ಲ. ಅದು ತನ್ನಷ್ಟಕ್ಕೆ ಬಿಸಿಯಾಗಿ, ಬೂಷ್ಟು ಹಿಡಿದು, ಪಕ್ಕದ ಚೀಲವನ್ನೂ ಕೆಡಿಸುತ್ತದೆ. ಆ ಕಾಗದದಲ್ಲಿ 'ಸರಾಸರಿ' ಅಂತ ಇದೆಯೋ, 'ಎಲ್ಲ' ಅಂತ ಇದೆಯೋ ಒಮ್ಮೆ ಓದು" ಎಂದರು.

ಕಾಗದದಲ್ಲಿ 'ಎಲ್ಲ' ಎಂದೇ ಇತ್ತು.

ಆಮೇಲೆ ನಡೆದದ್ದು ಜಗಳವಲ್ಲ, ವ್ಯವಹಾರ. ಮೂವರೂ ಕುಳಿತು ನಷ್ಟವನ್ನು ಹಂಚಿಕೊಂಡರು. ಗಾಳಿಯ ತೇವವನ್ನು ಹೀರುವ ಯಂತ್ರಗಳ ಬಾಡಿಗೆಯನ್ನು ಗುತ್ತಿಗೆದಾರನು ಹೊತ್ತನು. ಮನೆಬಾಡಿಗೆಯನ್ನೂ ಬಡ್ಡಿದರ ವಿಸ್ತರಣೆಯ ಹಣವನ್ನೂ ಮಗನು ಹೊತ್ತನು. ಅನಿಲದ ಒಲೆಗಳನ್ನು ತೆಗೆದು, ಯಂತ್ರಗಳನ್ನೂ ಬೀಸಣಿಗೆಗಳನ್ನೂ ಇಟ್ಟು, ಅವಸರವಿಲ್ಲದೆ ಒಣಗಿಸಿದರು. ಅಂಚು ಉಬ್ಬಿದ್ದ ಎರಡು ಓ.ಎಸ್.ಬಿ. ಹಲಗೆಗಳನ್ನು ಬದಲಿಸಿದರು. ಹದಿನೆಂಟನೆಯ ದಿನ ತೊಲೆಯ ಒಳಗೆ 17 ತೋರಿತು. ಗುತ್ತಿಗೆದಾರನು ಅಂದು ಸಹಿ ಹಾಕಿದನು.

ಹಾಗೆ ಕಾಯದೆ ಮುಚ್ಚಿದ್ದರೆ ಆ ತೊಲೆ ಮುರಿದು ಬೀಳುತ್ತಿತ್ತೇ? ಬಹುಶಃ ಬೀಳುತ್ತಿರಲಿಲ್ಲ. ಅದರ ಅಂಟು ನೀರಿಗೆ ಕರಗುವಂಥದಲ್ಲ. ಸ್ವಲ್ಪ ಬೂಷ್ಟು, ಸ್ವಲ್ಪ ಜಗ್ಗು, ಮೇಲಿನ ಕೋಣೆಯ ನೆಲದಲ್ಲಿ ಒಂದು ಕಿರುಗುಟ್ಟುವಿಕೆ, ಇಷ್ಟಕ್ಕೇ ಮುಗಿಯುತ್ತಿತ್ತೋ ಏನೋ. ಅಥವಾ ಎಲ್ಲಿಂದಲೋ ಮತ್ತಷ್ಟು ನೀರು ಸೋರಿ, ಆರದ ತೇವದಲ್ಲಿ ಕೊಳೆ ಹುಟ್ಟುತ್ತಿತ್ತೋ ಏನೋ. ಮುಚ್ಚಿದ ಮೇಲೆ ಅದನ್ನು ಅರಿಯುವ ಉಪಾಯವಿಲ್ಲ. ಆ ಮನೆಯಲ್ಲಿ ಈಗ ಏನೂ ಸಂಭವಿಸಿಲ್ಲ, ಮುಂದೆಯೂ ಸಂಭವಿಸದಿರಬಹುದು. ಎಚ್ಚರಿಕೆಯಿಂದ ನಡೆದವನಿಗೆ ದೊರೆಯುವ ಫಲ ಇದೊಂದೇ: ಏನೂ ಸಂಭವಿಸದಿರುವುದು. ಅದನ್ನು ಲೆಕ್ಕದ ಪುಸ್ತಕದ ಜಮೆಯ ಬದಿಯಲ್ಲಿ ಬರೆಯಲಾಗುವುದಿಲ್ಲ. ಹದಿನೆಂಟು ದಿನದ ಖರ್ಚು ಮಾತ್ರ ಅಂಕಿಗಳಲ್ಲಿ ಕಾಣುತ್ತದೆ. ಎಚ್ಚರಿಕೆಯು ವ್ಯಾಪಾರಿಗೆ ಕಷ್ಟವಾಗುವುದು ಇದೇ ಕಾರಣದಿಂದ.

ಎಚ್ಚರಿಕೆಯಿಲ್ಲದ ಕಡೆ ಏನಾಗಬಹುದು ಎಂಬುದಕ್ಕೆ ಜರ್ಮನಿಯ ಬವೇರಿಯಾ ಪ್ರಾಂತದ ಬಾಡ್ ರೈಖೆನ್‌ಹಾಲ್ ಎಂಬ ಊರಿನ ಘಟನೆಯು ಸಾಕ್ಷಿಯಾಗಿದೆ. ಆಸ್ಟ್ರಿಯಾದ ಗಡಿಗೆ ಸಮೀಪವಾದ ಆ ಊರಿನಲ್ಲಿ 1970ರ ದಶಕದ ಆರಂಭದಲ್ಲಿ ಮಂಜುಗಡ್ಡೆಯ ಮೇಲೆ ಜಾರಿ ಆಡುವ ಒಂದು ಸಭಾಂಗಣವನ್ನು ಕಟ್ಟಿದರು. ಅದರ ಸೂರನ್ನು ಹೊತ್ತದ್ದು ಮರದ ಹಲಗೆಗಳನ್ನು ಅಂಟಿಸಿ ಮಾಡಿದ ಪೊಳ್ಳು ಪೆಟ್ಟಿಗೆಯಾಕಾರದ ತೊಲೆಗಳು. 2006ರ ಜನವರಿ 2ರ ಅಪರಾಹ್ನ, ಮಕ್ಕಳ ರಜೆಯ ದಿನ, ಹಿಮ ಬಿದ್ದ ಸೂರು ಕುಸಿಯಿತು. 15 ಮಂದಿ ಸತ್ತರು. ಅವರಲ್ಲಿ 12 ಮಂದಿ ಮಕ್ಕಳೂ ಕಿರಿಯರೂ ಆಗಿದ್ದರು. ಸೂರಿನ ಮೇಲಿದ್ದ ಹಿಮದ ಭಾರವು ಆ ಕಟ್ಟಡವು ತಾಳಬೇಕೆಂದು ಲೆಕ್ಕ ಹಾಕಿದ್ದ ಭಾರಕ್ಕಿಂತ ಕಡಿಮೆಯೇ ಇತ್ತು.

ತನಿಖೆಯಲ್ಲಿ ಒಂದು ಕಾರಣವಲ್ಲ, ಹಲವು ಕಾರಣಗಳು ಹೊರಬಿದ್ದವು. ತೊಲೆಗಳ ಜೋಡಣೆಗೆ ಬಳಸಿದ್ದು ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು. ಅದು ಒಣ ಕಟ್ಟಡಕ್ಕೆ ಸರಿ, ಸದಾ ತೇವವಿರುವ ಸ್ಥಳಕ್ಕೆ ಸಲ್ಲದು. ಮಂಜುಗಡ್ಡೆಯ ಸಭಾಂಗಣದಲ್ಲಿ ಗಾಳಿಯ ತೇವವು ಸೂರಿನಲ್ಲಿ ಹನಿಗಟ್ಟುವುದು ಸಹಜ. ಅದರೊಡನೆ ಸೂರು ಸೋರುತ್ತಲೂ ಇತ್ತು. ಮೂವತ್ತು ವರ್ಷಗಳ ತೇವವು ಅಂಟಿನ ಬಲವನ್ನು ಒಳಗಿಂದೊಳಗೆ ತಿಂದಿತು. ಅಂಥ ತೊಲೆಗೆ ಇದ್ದ ಸಾಮಾನ್ಯ ಅನುಮತಿ 1.20 ಮೀಟರ್ ಎತ್ತರದವರೆಗೆ, ಕಟ್ಟಿದ್ದು 2.87 ಮೀಟರ್. ಮತ್ತೊಬ್ಬ ತಜ್ಞನು ಪರಿಶೀಲಿಸಿ ಒಪ್ಪಿದ ಭಾರದ ಲೆಕ್ಕಪತ್ರವು ಸಿಗಲೇ ಇಲ್ಲ. ಇಲ್ಲಿ ಹಾನಿ ಮಾಡಿದ್ದು ಕಟ್ಟುವ ಕಾಲದ ಮಳೆಯಲ್ಲ. ಆದರೆ ಆ ನೀರಿಗೆ ಬಾಗಿಲು ತೆರೆದದ್ದು ಕಟ್ಟುವ ಕಾಲದ ಆಯ್ಕೆಯೇ.

2003ರಲ್ಲಿ ಆ ಕಟ್ಟಡದ ದುರಸ್ತಿಯ ವೆಚ್ಚವನ್ನು ಅಂದಾಜು ಮಾಡಲು ಒಬ್ಬ ತಜ್ಞನನ್ನು ನೇಮಿಸಿದ್ದರು. ಸೂರಿನ ತೊಲೆಗಳು ಒಳ್ಳೆಯ ಸ್ಥಿತಿಯಲ್ಲಿವೆ ಎಂಬರ್ಥದ ಮಾತು ಅವನ ವರದಿಯಲ್ಲಿತ್ತು. ತೊಲೆಗಳೆಲ್ಲವನ್ನೂ ಅವನು ಕೈಗೆಟುಕುವಷ್ಟು ಸಮೀಪದಿಂದ ಪರೀಕ್ಷಿಸಿರಲಿಲ್ಲ. 2008ರಲ್ಲಿ ನ್ಯಾಯಾಲಯವು ಸೂರನ್ನು ರೂಪಿಸಿದ ಎಂಜಿನಿಯರನಿಗೆ ಹದಿನೆಂಟು ತಿಂಗಳ ಸಜೆ ವಿಧಿಸಿ, ಅದನ್ನು ಅಮಾನತಿನಲ್ಲಿಟ್ಟಿತು. ವರದಿ ಬರೆದವನನ್ನು ಬಿಡುಗಡೆ ಮಾಡಿತು. ಮೇಲಿನ ನ್ಯಾಯಾಲಯವು 2010ರಲ್ಲಿ ಆ ಬಿಡುಗಡೆಯನ್ನು ರದ್ದುಗೊಳಿಸಿತು. 2011ರಲ್ಲಿ ಮರುವಿಚಾರಣೆಯಾಗಿ ಅವನು ಮತ್ತೆ ಬಿಡುಗಡೆ ಹೊಂದಿದನು. ಕಾನೂನಿನ ತೀರ್ಪು ಅಲ್ಲಿಗೆ ಮುಗಿಯಿತು. ಅದನ್ನು ಇಲ್ಲಿ ಪ್ರಶ್ನಿಸುವ ಉದ್ದೇಶವಿಲ್ಲ. ಆದರೆ ಕೈಯಿಂದ ಮುಟ್ಟಿ ನೋಡದ ತೊಲೆಯ ಬಗ್ಗೆ 'ಒಳ್ಳೆಯ ಸ್ಥಿತಿ' ಎಂಬ ಮಾತು ಒಮ್ಮೆ ಕಾಗದದ ಮೇಲೆ ಬಿದ್ದರೆ, ಅದನ್ನು ಓದುವವನು ಅದರ ಮೇಲೆ ಎಷ್ಟು ಭಾರ ಹೊರಿಸುತ್ತಾನೆ ಎಂಬುದನ್ನು ಪ್ರತಿಯೊಬ್ಬ ಸಹಿದಾರನೂ ಯೋಚಿಸಬೇಕು.

ಇಂಥ ಪ್ರಸಂಗಗಳಲ್ಲಿ ದುಷ್ಟನನ್ನು ಹುಡುಕಿದರೆ ಸಿಗುವುದಿಲ್ಲ. ಅಂಟು ಆರಿಸಿದವನಿಗೆ ಯಾರನ್ನೂ ಕೊಲ್ಲುವ ಇಚ್ಛೆ ಇರಲಿಲ್ಲ. ಸೋರುವ ನೀರಿಗೆ ಬಕೆಟ್ಟು ಇಟ್ಟವನಿಗೂ ಇರಲಿಲ್ಲ. ಒಬ್ಬೊಬ್ಬನೂ ತನ್ನ ಪಾಲಿನ ಸಣ್ಣ ತುಂಡನ್ನು ನೋಡಿ, ಉಳಿದದ್ದನ್ನು ಮತ್ತೊಬ್ಬನು ನೋಡಿರುತ್ತಾನೆಂದು ನಂಬಿದನು. ಹಿಂಸೆಯ ಲಕ್ಷಣವನ್ನು ಹೇಳುವಾಗ ನಮ್ಮ ಆಚಾರ್ಯರು ದ್ವೇಷದ ಮಾತನ್ನಲ್ಲ, ಪ್ರಮಾದದ ಮಾತನ್ನು ಮುಂದಿಟ್ಟದ್ದು ಏಕೆಂಬುದು ಇಲ್ಲಿ ಅರ್ಥವಾಗುತ್ತದೆ. ಕೊಲ್ಲುವ ಬಯಕೆ ಇಲ್ಲದವನೂ ಅಲಕ್ಷ್ಯದಿಂದ ಜೀವಹಾನಿಗೆ ಪಾಲುದಾರನಾಗಬಲ್ಲನು. ಅಲಕ್ಷ್ಯವು ಬಹುಮಂದಿಯಲ್ಲಿ ಹಂಚಿಹೋದಾಗ ಒಬ್ಬೊಬ್ಬನ ಪಾಲಿಗೂ ಅದು ಬಹಳ ಸಣ್ಣದಾಗಿ ಕಾಣುತ್ತದೆ. ಆದರೆ ಕೆಳಗಿರುವವನ ತಲೆಯ ಮೇಲೆ ಬೀಳುವಾಗ ಅದು ಪೂರ್ತಿಯಾಗಿಯೇ ಬೀಳುತ್ತದೆ.

ನೀರನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಕಟ್ಟಿದವರೂ ಇದ್ದಾರೆ. ಸ್ವೀಡನ್ನಿನ ವೆಕ್ಷೋ ನಗರದಲ್ಲಿ 2006ರಿಂದ 2009ರವರೆಗೆ 'ಲಿಮ್ನೊಲೋಗೆನ್' ಎಂಬ ಎಂಟಂತಸ್ತಿನ ನಾಲ್ಕು ಮನೆಸಮುಚ್ಚಯಗಳನ್ನು ಮರದಿಂದ ಕಟ್ಟಿದರು. ಇಡೀ ಕಟ್ಟಡದ ಮೇಲೆ ದೊಡ್ಡ ಡೇರೆಯನ್ನು ಹಾಕಿ, ಅಂತಸ್ತು ಏರಿದಂತೆ ಡೇರೆಯನ್ನೂ ಏರಿಸುತ್ತ, ಅದರ ನೆರಳಿನಲ್ಲಿ ಕೆಲಸ ನಡೆಸಿದರು. ಕೆನಡಾದ ವ್ಯಾಂಕೂವರ್ ನಗರದಲ್ಲಿ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯವು ಕಟ್ಟಿಸಿದ ಹದಿನೆಂಟು ಅಂತಸ್ತಿನ 'ಬ್ರಾಕ್ ಕಾಮನ್ಸ್' ವಿದ್ಯಾರ್ಥಿನಿಲಯದ ಮರದ ಭಾಗವನ್ನು 2016ರ ಬೇಸಿಗೆಯಲ್ಲಿ ಎಪ್ಪತ್ತಕ್ಕೂ ಕಡಿಮೆ ದಿನಗಳಲ್ಲಿ ನಿಲ್ಲಿಸಿದರು. ಮಳೆಗಾಲಕ್ಕೆ ಮುನ್ನ ಮುಗಿಯುವಂತೆ ಕೆಲಸವನ್ನು ಯೋಜಿಸಿ, ಅಂತಸ್ತುಗಳ ಹಿಂದೆಯೇ ಹೊರಗೋಡೆಯ ಸಿದ್ಧಹಲಗೆಗಳನ್ನು ಏರಿಸಿ ಮರವನ್ನು ಮಳೆಯಿಂದ ಮರೆಮಾಡಿದರು. ಮೊದಲನೆಯವರು ಹಣವನ್ನು ಖರ್ಚು ಮಾಡಿದರು; ಎರಡನೆಯವರು ಕಾಲವನ್ನು ಆರಿಸಿಕೊಂಡರು. ಎರಡೂ ಕಡೆ ನಿರ್ಧಾರವು ಮಳೆ ಬರುವುದಕ್ಕೆ ಮುನ್ನವೇ ಆಗಿತ್ತು.

ಇದು ಪರದೇಶದ ಸಂಗತಿಯೆಂದು ನಮ್ಮ ಗೃಹಸ್ಥರೂ ಬಸದಿಗಳ ವಿಶ್ವಸ್ಥರೂ ಪಕ್ಕಕ್ಕೆ ಇಡಲಾಗದು. ನಮ್ಮ ಪೇಟೆಯಲ್ಲಿ ಎಂ.ಆರ್. ದರ್ಜೆಯೆಂದು ಮಾರುವ ಸಾಮಾನ್ಯ ಪ್ಲೈವುಡ್ಡಿನಲ್ಲಿ ಸಾಮಾನ್ಯವಾಗಿ ಇರುವುದು ಅದೇ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು. ಒಣ ಕೋಣೆಯ ಕಪಾಟಿಗೆ ಅದು ಯೋಗ್ಯವೇ. ಅಭಿಷೇಕದ ನೀರು ಹರಿಯುವ ಕಡೆ, ಅಡುಗೆಯ ಆವಿ ತಾಗುವ ಕಡೆ, ಮಳೆಯ ಎರಚಲು ಬೀಳುವ ಕಡೆ ಅದನ್ನು ಬಳಸಿದರೆ ಕೆಲವೇ ವರ್ಷಗಳಲ್ಲಿ ಪದರ ಬಿಡುತ್ತದೆ. ಅಂಥ ಸ್ಥಳಕ್ಕೆ ಕುದಿನೀರನ್ನೂ ತಾಳುವ, ಫಿನಾಲ್ ಅಂಟಿನ ಬಿ.ಡಬ್ಲ್ಯು.ಪಿ. ದರ್ಜೆಯ ಹಲಗೆ ಬೇಕು. ಮಾರುವವನು ಈ ಭೇದವನ್ನು ತಿಳಿದೂ ಹೇಳದಿದ್ದರೆ ಅವನು ಸುಳ್ಳು ಹೇಳಿದಂತಾಗಲಿಲ್ಲ, ನಿಜ. ಆದರೆ ಕೊಳ್ಳುವವನ ಅಜ್ಞಾನದಿಂದ ಲಾಭ ಪಡೆದಂತಾಯಿತು. ಎರಡಕ್ಕೂ ನಡುವಣ ಅಂತರ ಬಹಳ ಕಿರಿದು.

ಕಟ್ಟಡ ಮಾಡಿಸುವ ಮಂಡಳಿಗಳು ಕರಾರಿನಲ್ಲಿ ಎರಡು ಮಾತುಗಳನ್ನು ಸೇರಿಸಿದರೆ ಸಾಕು. ಮರದ ಯಾವ ಭಾಗವನ್ನೂ ಅಳೆಯದೆ ಮುಚ್ಚಬಾರದು. ನೀರು ನಿಂತಿರಬಹುದಾದ ಕಡೆ, ಎಂದರೆ ಸಂದುಗಳಲ್ಲಿ, ಬೋಲ್ಟುಗಳ ಬಳಿ, ತೊಲೆಯು ಗೋಡೆಯ ಮೇಲೆ ಕೂರುವ ತುದಿಗಳಲ್ಲಿ, ಮೊದಲು ಅಳೆಯಬೇಕು. ಇದು ಒಂದನೆಯದು. ಒಣಗಲು ಬೇಕಾಗುವ ದಿನಗಳ ಖರ್ಚನ್ನು ಯಾರು ಎಷ್ಟು ಹೊರಬೇಕೆಂಬುದನ್ನು ಕೆಲಸ ಆರಂಭವಾಗುವ ಮುನ್ನವೇ ಬರೆದಿಡಬೇಕು. ಇದು ಎರಡನೆಯದು; ಮೊದಲನೆಯದು ಪಾಲನೆಯಾಗುವುದು ಇದರಿಂದಲೇ. ನಷ್ಟವೆಲ್ಲ ತನ್ನೊಬ್ಬನ ಮೇಲೆಯೇ ಬೀಳುವುದೆಂದು ತಿಳಿದ ಗುತ್ತಿಗೆದಾರನಿಂದ ಸತ್ಯವಾದ ಅಳತೆಯನ್ನು ನಿರೀಕ್ಷಿಸುವುದು, ಅವನ ಮೇಲೆ ಅವನ ಶಕ್ತಿಗೆ ಮೀರಿದ ವ್ರತವನ್ನು ಹೊರಿಸಿದಂತೆ. ಉದ್ಘಾಟನೆಯ ಮುಹೂರ್ತವನ್ನು ಮೊದಲೇ ಅಚ್ಚು ಹಾಕಿಸಿ, ಆಮಂತ್ರಣವನ್ನು ಹಂಚಿ, ಆಮೇಲೆ ಬಡಗಿಯನ್ನು ಅವಸರಪಡಿಸುವ ಮಂಡಳಿಯು ಆ ಅಸತ್ಯದಲ್ಲಿ ತನ್ನ ಪಾಲನ್ನು ತಾನೇ ಪಡೆದುಕೊಳ್ಳುತ್ತದೆ.

ಮರ ನೆನೆದಿದೆ ಎಂದು ಹೇಳುವುದರಲ್ಲಿ ಅವಮಾನವಿಲ್ಲ. ಇನ್ನೂ ಆರಿಲ್ಲ, ಕಾಯೋಣ ಎಂದು ಹೇಳಬಲ್ಲ ಕೆಲಸಗಾರನಿಗೆ ಕೂಲಿ ಕಡಿಮೆಯಾಗದಂತೆ ನೋಡಿಕೊಳ್ಳುವುದು ಮನೆ ಕಟ್ಟಿಸುವವನ ಧರ್ಮ. ಆ ಮಾತನ್ನು ಕೇಳಿ ಕೆಲಸವನ್ನು ನಿಲ್ಲಿಸುವುದು ಅವನ ಎರಡನೆಯ ಧರ್ಮ. ಇವೆರಡೂ ನಡೆದ ಮನೆಯಲ್ಲಿ, ತೊಲೆಯನ್ನು ಎಂದೂ ನೋಡದ ಮಗುವು ಅದರ ಕೆಳಗೆ ನಿಶ್ಚಿಂತೆಯಿಂದ ಮಲಗಬಹುದು.